ಲಂಚ ಹಾವಿನ ಹಾಗೆ ಕಚ್ಚುವುದಿಲ್ಲ, ಏಣಿಯ ಹಾಗೆ ಎತ್ತುತ್ತದೆ

ಹಾವು ಏಣಿ ಆಟ ಆಡದವರು ನಮ್ಮಲ್ಲಿ ಯಾರಿದ್ದಾರೆ? ತೆಲುಗು ಮಾತಾಡುವ ಮನೆಗಳಲ್ಲಿ ಅದಕ್ಕೆ ವೈಕುಂಠಪಾಳಿ ಅನ್ನುತ್ತಾರೆ, ತಮಿಳು ಮನೆಗಳಲ್ಲಿ ಪರಮಪದ. ವೈಕುಂಠ ಏಕಾದಶಿ ರಾತ್ರಿ ಜಾಗರಣೆಗೆ ಪಟ ಹಾಸಿ ಕೂರುವ ಪದ್ಧತಿಯೂ ಇತ್ತು. ಹಲವು ಹಳೆಯ ಪಟಗಳಲ್ಲಿ ಏಣಿಗೆ ಒಳ್ಳೆಯ ಗುಣದ ಹೆಸರು, ಹಾವಿಗೆ ಕೆಟ್ಟ ಗುಣದ ಹೆಸರು. ದಾನ ಮಾಡಿದೆಯಾ, ಮೇಲೆ ಹೋಗು. ದುರಾಸೆಗೆ ಬಿದ್ದೆಯಾ, ಕೆಳಗೆ ಜಾರು.

ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಖಾತೆ ಬದಲಾವಣೆಗೋ ಪಿಂಚಣಿಗೋ ನಾಲ್ಕು ಸಲ ಓಡಾಡಿದ ಯಾರನ್ನಾದರೂ ಕೇಳಿ. ಲೋಕ ಈ ಪಟದ ಹಾಗೆ ನಡೆಯುವುದಿಲ್ಲ ಅನ್ನುತ್ತಾರೆ. ಲಂಚ ಕೊಟ್ಟವನನ್ನು ಹಾವು ಕಚ್ಚುವುದಿಲ್ಲ, ಅವನ ಕಡತ ಮೇಲೆ ಹೋಗುತ್ತದೆ. ತೆಗೆದುಕೊಂಡವನನ್ನೂ ಕಚ್ಚುವುದಿಲ್ಲ, ಅವನ ಮನೆಯ ಮೇಲೆ ಇನ್ನೊಂದು ಮಹಡಿ ಏಳುತ್ತದೆ. ಕಚ್ಚಿಸಿಕೊಳ್ಳುವವನು ಸರತಿಯಲ್ಲಿ ನಿಂತ ಮೂರನೆಯವನು. ತನಗೆ ಕಚ್ಚಿದ್ದು ಯಾವ ಹಾವು ಎಂದು ಅವನಿಗೆ ಗೊತ್ತೂ ಆಗುವುದಿಲ್ಲ.

ಮಕ್ಕಳಿಗೆ ಭ್ರಷ್ಟತೆಯ ಬಗ್ಗೆ ಹೇಳಬೇಕಾದರೆ, ಆಟದಲ್ಲೇ ಆಗಲಿ ಪಾಠದಲ್ಲೇ ಆಗಲಿ, ಮೊದಲು ಈ ಸತ್ಯವನ್ನು ಹೇಳಬೇಕು. ಅದು ಹಾವಲ್ಲ, ಏಣಿ. ಅದಕ್ಕೇ ಅಷ್ಟು ಜನ ಹತ್ತುತ್ತಾರೆ.

ಈ ಮಾತು ಈಗ ಯಾಕೆ ಬಂತು ಎಂದರೆ, ನಮ್ಮ ಬೂದಿಕೋಟೆ ಹೋಬಳಿಯ ಆರು ಜನ ಯುವಕ ಯುವತಿಯರು ಒಂದು ಆಟ ಕಟ್ಟುತ್ತಿದ್ದಾರೆ. ಅದರಲ್ಲಿ ಮನುಷ್ಯ ಕೆಡುವುದು ಹೇಗೆ ಎಂಬ ನಿಯಮ ಬರೆಯಬೇಕಿತ್ತು. ನಾನು ಪತ್ರಿಕೆಗೆ ಸುದ್ದಿ ಬರೆಯುವವನಾದ್ದರಿಂದ, "ಅಣ್ಣ, ಈ ವಿಷಯ ನಿಮಗೆ ಚೆನ್ನಾಗಿ ಗೊತ್ತಿರುತ್ತೆ" ಎಂದು ಕರೆದರು. ನಾಲ್ಕು ಭಾನುವಾರ ಅವರ ಜೊತೆ ಕೂತು ಹುಟ್ಟಿದ ಅಭಿಪ್ರಾಯ ಇದು.

ಇದು ಎಂಥ ಆಟ?

ಆ ಗುಂಪಿನಲ್ಲಿ ಒಬ್ಬ ದಿನಾ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ. ಅಲ್ಲಿ ಕಲಿತು ಬಂದ ಆಟ. ಇಂಗ್ಲಿಷಿನಲ್ಲಿ ರೋಲ್‌ಪ್ಲೇಯಿಂಗ್ ಗೇಮ್ ಅನ್ನುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇದರ ಮೊದಲ ಪ್ರಸಿದ್ಧ ಆಟ. ಮೊಬೈಲ್ ಬೇಡ, ಟಿವಿ ಬೇಡ. ಸುತ್ತ ಕೂರಲು ಜಾಗ, ಕಾಗದ, ಪೆನ್ಸಿಲ್, ದಾಳ ಇದ್ದರೆ ಸಾಕು.

ನಮ್ಮೂರ ಕುರುಕ್ಷೇತ್ರ ನಾಟಕ ನೆನಪಿಸಿಕೊಳ್ಳಿ. ಒಬ್ಬ ಭೀಮ, ಒಬ್ಬ ದುರ್ಯೋಧನ, ಒಬ್ಬ ಕೃಷ್ಣ. ಹಾರ್ಮೋನಿಯಂ ಮೇಷ್ಟ್ರು ಎಲ್ಲರನ್ನೂ ನಡೆಸುತ್ತಾರೆ. ಈ ಆಟದಲ್ಲೂ ಪ್ರತಿಯೊಬ್ಬರಿಗೆ ಒಂದು ಪಾತ್ರ, ನಡೆಸಲು ಒಬ್ಬ ಮೇಷ್ಟ್ರು. ಒಂದೇ ವ್ಯತ್ಯಾಸ, ಇಲ್ಲಿ ಕಂಠಪಾಠ ಮಾಡಿದ ಮಾತಿಲ್ಲ. "ಕೋಟೆ ಬಾಗಿಲು ಮುಚ್ಚಿದೆ, ಕಾವಲುಗಾರ ನಿಂತಿದ್ದಾನೆ, ಏನು ಮಾಡುತ್ತೀಯ?" ಎಂದು ಮೇಷ್ಟ್ರು ಕೇಳುತ್ತಾರೆ. ಆಟಗಾರ ತನಗೆ ತೋಚಿದ್ದು ಹೇಳುತ್ತಾನೆ. ಆಗುವುದೋ ಇಲ್ಲವೋ ಅನುಮಾನವಿದ್ದಾಗ ದಾಳ ಹಾಕುತ್ತಾರೆ. ಕಥೆ ವಾರ ವಾರ ಮುಂದುವರಿಯುತ್ತದೆ.

ನಮ್ಮ ಹುಡುಗರ ಕಥೆ ನಡೆಯುವುದು ಬೂದಿಕೋಟೆಯಲ್ಲೇ, ಆದರೆ ಕಲ್ಪನೆಯ ಬೂದಿಕೋಟೆಯಲ್ಲಿ. ನಿಜವಾದ ಊರು ಹೈದರಾಲಿ ಹುಟ್ಟಿದ ಸ್ಥಳ ಎಂದು ಹೆಸರಾಗಿದೆ, ಕೋಟೆಯ ಕಲ್ಲುಗಳನ್ನು ನೀವೂ ನೋಡಿರುತ್ತೀರಿ. ಅವರ ಕಥೆಯ ಊರಿನಲ್ಲಿ ಕೋಟೆಯ ಅಡಿಗೆ ಚಿನ್ನದ ಸುರಂಗವಿದೆ, ಕೋಟೆಯ ಹೊರಗೆ ಒಂದು ಕೆರೆ. ಸುರಂಗದಲ್ಲಿ ಒಂದು ಭೂತ ಇದೆ. ಅದು ಯಾರನ್ನೂ ಹೆದರಿಸುವುದಿಲ್ಲ. "ಏನಾಗಬೇಕಿತ್ತು ಅಣ್ಣ? ಆಗುತ್ತೆ ಬಿಡಿ" ಅನ್ನುತ್ತದೆ, ಅಷ್ಟೇ.

ಆ ಭೂತದ ಮಾತು ಕೇಳಿದ ಕೂಡಲೇ ನನಗೆ ಆಟ ಹಿಡಿಸಿತು. ಕಚೇರಿಗಳ ಮುಂದಿನ ಟೀ ಅಂಗಡಿಗಳಲ್ಲಿ ನಾನು ಕೇಳಿದ ಮಧ್ಯವರ್ತಿಗಳೆಲ್ಲ ಹೀಗೇ ಮಾತಾಡುವುದು. ಒಬ್ಬನೂ ದನಿ ಎತ್ತಿದ್ದನ್ನು ಕೇಳಿಲ್ಲ.

ಕೊಂಬು ಮೂಡುವ ಕಥೆ

ಹುಡುಗರು ಮೊದಲು ಬರೆದಿದ್ದ ನಿಯಮ ಹೀಗಿತ್ತು: ತಪ್ಪು ಮಾಡಿದಾಗಲೆಲ್ಲ ಒಂದು ಕಪ್ಪು ಅಂಕ. ಹತ್ತು ಅಂಕ ಆದರೆ ಪಾತ್ರಕ್ಕೆ ಕೊಂಬು ಮೂಡಿ ರಾಕ್ಷಸ ಆಗುತ್ತದೆ.

ಹೊರದೇಶದ ಆಟಗಳಲ್ಲಿ ಇಂಥ ನಿಯಮಗಳು ಹಲವು ಇವೆ. 1986ರ ಬ್ರಿಟಿಷ್ ಆಟ 'ವಾರ್‌ಹ್ಯಾಮರ್'ನಲ್ಲಿ ಕೆಡುಕಿನ ಸಹವಾಸ ಮಾಡಿದವರ ಮೈ ವಿಕಾರವಾಗುತ್ತದೆ. 1981ರ 'ಕಾಲ್ ಆಫ್ ಕತುಲು' ಆಟದಲ್ಲಿ ನೋಡಬಾರದ್ದನ್ನು ನೋಡಿದಾಗಲೆಲ್ಲ ಬುದ್ಧಿ ಸ್ಥಿಮಿತದ ಅಂಕ ಇಳಿಯುತ್ತದೆ, ಸೊನ್ನೆಗೆ ಬಂದರೆ ಪಾತ್ರ ನಿಮ್ಮ ಕೈ ಬಿಟ್ಟು ಹೋಗುತ್ತದೆ. 1987ರ 'ಸ್ಟಾರ್ ವಾರ್ಸ್' ಆಟದಲ್ಲಿ ಕೆಟ್ಟ ಕೆಲಸಕ್ಕೆ ಒಂದೊಂದು ಕಪ್ಪು ಅಂಕ. ಅಂಕ ಸಿಕ್ಕಿದಾಗ ದಾಳ ಹಾಕಬೇಕು. ಬಿದ್ದ ಸಂಖ್ಯೆ ಕೂಡಿಟ್ಟ ಅಂಕಗಳಿಗಿಂತ ಕಡಿಮೆ ಇದ್ದರೆ ಪಾತ್ರ ಕತ್ತಲಿನ ಪಾಲು.

ಇವುಗಳಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಎರಡು. 1985ರ 'ಪೆನ್‌ಡ್ರಾಗನ್' ಆಟದಲ್ಲಿ ಗುಣಗಳು ಜೋಡಿಯಾಗಿವೆ. ಪ್ರಾಮಾಣಿಕತೆ ಮತ್ತು ವಂಚನೆ ಒಂದು ಜೋಡಿ, ಉದಾರತೆ ಮತ್ತು ಸ್ವಾರ್ಥ ಇನ್ನೊಂದು. ಒಂದೊಂದು ಜೋಡಿಗೂ ಒಟ್ಟು 20 ಅಂಕ. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು, ತಕ್ಕಡಿಯ ಹಾಗೆ. 1991ರ 'ವ್ಯಾಂಪೈರ್' ಆಟದಲ್ಲಿ ಮನುಷ್ಯತ್ವಕ್ಕೆ ಹತ್ತರವರೆಗೆ ಅಂಕ. ಪಾಪ ಮಾಡಿದ ಮೇಲೆ ಪಾತ್ರದ ಆತ್ಮಸಾಕ್ಷಿಯ ಲೆಕ್ಕದಲ್ಲಿ ದಾಳ ಹಾಕುತ್ತಾರೆ. ಮನಸ್ಸು ಚುಚ್ಚಿದರೆ ಅಂಕ ಉಳಿಯುತ್ತದೆ, ಚುಚ್ಚದಿದ್ದರೆ ಇಳಿಯುತ್ತದೆ. ಮಾಡಿದ ತಪ್ಪಿಗಿಂತ ತಪ್ಪು ಅನ್ನಿಸದೇ ಹೋಗುವುದು ದೊಡ್ಡ ಕೆಡುಕು ಎಂಬ ಮಾತು ಅದರಲ್ಲಿದೆ.

ಇಷ್ಟಾದರೂ ಈ ಎಲ್ಲ ಆಟಗಳ ಲೆಕ್ಕ ಒಬ್ಬನ ಒಳಗಿನ ಲೆಕ್ಕ. ಕೆಟ್ಟವನು ಕೆಡುತ್ತಾನೆ, ಅವನ ಮುಖ ಕಪ್ಪಾಗುತ್ತದೆ, ಕಥೆ ಮುಗಿಯಿತು. ನಮ್ಮ ತಾಲ್ಲೂಕಿನಲ್ಲಿ ಯಾರಿಗಾದರೂ ಕೊಂಬು ಮೂಡಿದ್ದನ್ನು ನೋಡಿದ್ದೀರಾ? ಕೆರೆ ಜಾಗ ನುಂಗಿದವನೇ ಜಾತ್ರೆಯಲ್ಲಿ ಅನ್ನದಾನ ಮಾಡುತ್ತಾನೆ. ದೇವಸ್ಥಾನದ ಕಲ್ಲಿನಲ್ಲಿ ಅವನ ಹೆಸರೇ ಮೊದಲು. ನಾವೂ ಎದ್ದು ನಿಂತು ನಮಸ್ಕಾರ ಮಾಡುತ್ತೇವೆ.

ಕನ್ನಡದಲ್ಲಿ 'ಕೆಡು' ಎಂಬ ಒಂದೇ ಮಾತು ಹಾಲಿಗೂ ಇದೆ, ಕೆಲಸಕ್ಕೂ ಇದೆ, ಮನುಷ್ಯನಿಗೂ ಇದೆ. ಡೇರಿಗೆ ಹಾಲು ಹಾಕುವ ಪ್ರತಿ ಹೆಂಗಸಿಗೂ ಗೊತ್ತು: ಒಂದು ಮನೆಯ ಹಾಲು ಕೆಟ್ಟಿದ್ದರೆ ಕೆಡುವುದು ಆ ಮನೆಯ ಚೊಂಬಲ್ಲ, ಇಡೀ ಕ್ಯಾನು. ನಮ್ಮ ಆಟದ ನಿಯಮ ಇಲ್ಲಿಂದ ಶುರುವಾಗಬೇಕು ಎಂದೆ.

ಎರಡು ಮಡಕೆ, ಒಂದಿಷ್ಟು ಹುಣಸೆ ಬೀಜ

ಕೊನೆಗೆ ನಾವು ಒಪ್ಪಿದ ನಿಯಮ ಸರಳವಾಗಿದೆ. ಬೇಕಾದರೆ ನಿಮ್ಮ ಊರಲ್ಲೂ ಆಡಬಹುದು.

ಲೂಡೋ ಡಬ್ಬಿಯ ಒಂದು ದಾಳ ಇಟ್ಟುಕೊಳ್ಳಿ. ಕಷ್ಟದ ಕೆಲಸ ನೆಟ್ಟಗೆ ಮಾಡಲು ಹೋದರೆ ದಾಳದಲ್ಲಿ 4 ಅಥವಾ ಹೆಚ್ಚು ಬೀಳಬೇಕು. ಅಂದರೆ ಅರ್ಧಕ್ಕರ್ಧ ಸೋಲು. ಅಡ್ಡದಾರಿ ಹಿಡಿದರೆ ದಾಳವೇ ಬೇಡ. ಭೂತ "ಆಗುತ್ತೆ ಬಿಡಿ" ಅನ್ನುತ್ತದೆ, ಕೆಲಸ ಆಗಿಯೇ ಬಿಡುತ್ತದೆ.

ಇಲ್ಲಿ ಎರಡು ವಿಷಯ ಗಮನಿಸಿ. ಲಾಭ ಮೊದಲೇ ಸಿಗುತ್ತದೆ, ಮತ್ತು ಅದು ನಿಜವಾದ ಲಾಭ. ಎರಡನೆಯದು, ದಾಳ ಯಾರನ್ನೂ ತಳ್ಳಿಲ್ಲ. ಹಾವು ಏಣಿ ಪಟದಲ್ಲಿ ನೀವು ಹಾವಿನ ಬಾಯಿಗೆ ಬೀಳುವುದು ದಾಳದಿಂದ, ನಿಮ್ಮ ಇಷ್ಟದಿಂದ ಅಲ್ಲ. "ಹಣೆಬರಹ, ಏನು ಮಾಡೋದು" ಎಂದು ಕೈ ತೊಳೆದುಕೊಳ್ಳಬಹುದು. ನಮ್ಮ ಆಟದಲ್ಲಿ ಆಟಗಾರ ಬಾಯಿಬಿಟ್ಟು "ಸರಿ, ತಗೊಳ್ತೀನಿ" ಎಂದು ಹೇಳಬೇಕು. ಆ ಮಾತು ಹೇಳುವಾಗ ಒಂದು ಕ್ಷಣ ತಡೆಯುತ್ತಾರಲ್ಲ, ಇಡೀ ಆಟ ಇರುವುದು ಆ ಕ್ಷಣದಲ್ಲಿ.

"ತಗೊಳ್ತೀನಿ" ಎಂದ ಕೂಡಲೇ ಎರಡು ಹುಣಸೆ ಬೀಜ ತೆಗೆಯಬೇಕು. ಒಂದು ಆಟಗಾರನ ಸ್ವಂತ ಮಡಕೆಗೆ, ಇನ್ನೊಂದು ನಡುವೆ ಇಟ್ಟ ಊರ ಮಡಕೆಗೆ.

ಊರ ಮಡಕೆಯ ಲೆಕ್ಕ ಹೀಗೆ. ಆ ದಿನದ ಆಟ ಮುಗಿಯುವಾಗ ಮೇಷ್ಟ್ರು ಒಂದು ಸಲ ದಾಳ ಹಾಕುತ್ತಾರೆ. ಮಡಕೆಯಲ್ಲಿರುವ ಬೀಜದಷ್ಟೇ ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಊರಲ್ಲಿ ಏನೋ ಒಂದು ಒಡೆಯುತ್ತದೆ: ಕೆರೆ ಏರಿ, ಕಣಜ, ಬಾವಿ. ಒಂದು ಬೀಜ ಇದ್ದರೆ ಆರರಲ್ಲಿ ಒಂದು ಪಾಲು ಅಪಾಯ. ಮೂರು ಇದ್ದರೆ ಅರ್ಧಕ್ಕರ್ಧ. ಆರು ಆದರೆ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಯಾರ ಬೀಜದಿಂದ ಒಡೆಯಿತು ಎಂದು ಯಾರಿಗೂ ಹೇಳಲಾಗುವುದಿಲ್ಲ, ಎಲ್ಲ ಬೀಜವೂ ಒಂದೇ ಥರ ಇರುತ್ತವೆ. ಒಡೆದ ಮೇಲೆ ಊರ ಮಡಕೆ ಖಾಲಿ ಮಾಡಿ ಮತ್ತೆ ಶುರು.

ಸ್ವಂತ ಮಡಕೆ ಹಾಗೆ ಖಾಲಿಯಾಗುವುದಿಲ್ಲ. ಅದರಲ್ಲಿ ಐದು ಬೀಜ ತುಂಬಿದ ದಿನ ಭೂತ ಮನೆ ಬಾಗಿಲಿಗೆ ಬರುತ್ತದೆ. "ಅಣ್ಣ, ನಮ್ಮದೂ ಒಂದು ಸಣ್ಣ ಕೆಲಸ ಆಗಬೇಕಿತ್ತು" ಅನ್ನುತ್ತದೆ. ಆಗ ಆಟಗಾರನ ಒಂದು ಸರದಿಯನ್ನು ಭೂತ ಆಡುತ್ತದೆ. ಬೇಡ ಎಂದರೆ ಹಳೆಯದೆಲ್ಲ ಬಯಲು. ತೆಗೆದುಕೊಂಡ ದುಡ್ಡು ಖರ್ಚಾಗುತ್ತದೆ, ಋಣ ಉಳಿಯುತ್ತದೆ. ಕೆಡುವುದು ಎಂದರೆ ಮುಖ ಕಪ್ಪಾಗುವುದಲ್ಲ, ನಮ್ಮ ಸರದಿಯನ್ನು ಬೇರೆಯವರು ಆಡುವಂತಾಗುವುದು.

ಕೊನೆಯ ಗದ್ದೆ ಯಾರದು?

ಎರಡನೇ ಭಾನುವಾರ ಒಂದು ಘಟನೆ ಆಯಿತು. ಒಬ್ಬ ಹುಡುಗನ ಪಾತ್ರ ನೀರುಗಂಟಿಯದು. ಈಗಿನ ಮಕ್ಕಳಿಗೆ ಆ ಹೆಸರು ಮರೆಯುತ್ತಿದೆ. ಕೆರೆಯ ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುತ್ತಿದ್ದವರು ನೀರುಗಂಟಿಗಳು. ಸಾವಿರಾರು ಕೆರೆಗಳ ನಮ್ಮ ಕೋಲಾರ ಜಿಲ್ಲೆ ಬದುಕಿದ್ದೇ ಅವರ ಕೈಯಲ್ಲಿ.

ಆಟದ ಊರಿನ ದೊಡ್ಡ ರೈತ ಆ ನೀರುಗಂಟಿಯನ್ನು ಕರೆದು, "ಒಂದು ರಾತ್ರಿ ತೂಬು ಹೆಚ್ಚಿಗೆ ತೆಗೆದಿಡಪ್ಪ, ನಿನ್ನ ಮಗಳ ಮದುವೆ ನಾನು ನೋಡ್ಕೋತೀನಿ" ಎಂದ. ಹುಡುಗ ಯೋಚಿಸಿದ. ಮಗಳ ಮದುವೆ ಕೆಟ್ಟ ಆಸೆಯೇನಲ್ಲ. "ಆಗಲಿ ಗೌಡ್ರೇ" ಎಂದ. ಎರಡು ಬೀಜ ಮಡಕೆಗೆ ಬಿದ್ದವು. ಮದುವೆ ಚೆನ್ನಾಗಿಯೇ ಆಯಿತು.

ಮೂರು ಸರದಿ ಕಳೆದ ಮೇಲೆ ಮೇಷ್ಟ್ರು ಹೇಳಿದ: "ಅಚ್ಚುಕಟ್ಟಿನ ಕೊನೆಯ ಗದ್ದೆ ಒಣಗಿದೆ." ಆ ಗದ್ದೆ ಪಕ್ಕದಲ್ಲೇ ಕೂತಿದ್ದ ಹುಡುಗಿಯ ಪಾತ್ರದ ತಾಯಿಯದು. ಆಕೆ ತಲೆ ಎತ್ತಿ ಅವನನ್ನು ನೋಡಿದಳು. ಅಲ್ಲಿಯವರೆಗೆ ಗಲಾಟೆ ಮಾಡುತ್ತಿದ್ದ ಆರೂ ಜನ ಸುಮ್ಮನಾದರು.

ಭ್ರಷ್ಟತೆ ಬೇಡ ಎಂಬ ಎಷ್ಟೋ ಭಾಷಣಗಳನ್ನು ವರದಿ ಮಾಡಿದ್ದೇನೆ. ಯಾವ ಭಾಷಣಕ್ಕೂ ಅಂಥ ಮೌನ ಬಿದ್ದದ್ದು ನೋಡಿಲ್ಲ. ಭಾಷಣದಲ್ಲಿ ಕೊನೆಯ ಗದ್ದೆಯವರು ಕಾಣುವುದಿಲ್ಲ. ಇಲ್ಲಿ ಆಕೆ ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದಳು.

ಇದು ಹೊಸ ಮಾತೇನಲ್ಲ. ಪಗಡೆಯ ಸಭೆಯಲ್ಲಿ ಆಡಿದವನು ಧರ್ಮರಾಯ, ದಾಳ ಉರುಳಿಸಿದವನು ಶಕುನಿ. ಬೆಲೆ ತೆತ್ತವಳು ದ್ರೌಪದಿ, ಆಕೆ ಆಟಕ್ಕೆ ಕೂತಿರಲೇ ಇಲ್ಲ. ಹಿರಿಯರೆಲ್ಲ ತಲೆ ತಗ್ಗಿಸಿ ಕೂತಿದ್ದರು. ರಾತ್ರಿಯಿಡೀ ನಾಟಕ ನೋಡಿ ಬೆಳೆದ ನಮಗೆ ಇದು ಗೊತ್ತಿದೆ. ಹಾವು ಏಣಿ ಪಟ ಮಾತ್ರ ಇದನ್ನು ಮರೆತಿದೆ.

ಯಾರ ಜೇಬು ತಡಕುತ್ತೇವೆ?

ಇನ್ನೊಂದು ನಿಯಮದ ಮೇಲೆ ದೊಡ್ಡ ಜಗಳವೇ ಆಯಿತು. ನೀರುಗಂಟಿಗೆ ಒಂದು ಬೀಜವಾದರೆ, ಸುಂಕದ ಅಧಿಕಾರಿಗೂ ಒಂದೇ ಬೀಜವೇ? ಕೋಟೆಯ ದೊರೆಗೂ ಒಂದೇಯೇ?

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ಕೆಜಿಎಫ್ ಪಕ್ಕದಲ್ಲೇ ಇದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿಗೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂತು. ಮೂರು ಕಿಲೋಮೀಟರ್‌ಗೂ ಹೆಚ್ಚು ಆಳದವರೆಗೆ ಮನುಷ್ಯರನ್ನು ಇಳಿಸಿದರು. ಒಟ್ಟು ಸುಮಾರು 800 ಟನ್ ಚಿನ್ನ ಮೇಲೆ ಬಂತು ಎನ್ನುತ್ತಾರೆ. ದಶಕಗಳ ಕಾಲ ಅದರ ಲಾಭ ಲಂಡನ್ನಿನ ಷೇರುದಾರರಿಗೆ ಹೋಯಿತು. ಅದಕ್ಕೆ ಯಾರೂ ಕಳ್ಳತನ ಎಂದು ಹೆಸರಿಡಲಿಲ್ಲ.

ಕಳ್ಳತನದ ಅನುಮಾನ ಬಂದದ್ದು ಬೆವರಿನಲ್ಲಿ ತೊಯ್ದು ಮೇಲೆ ಬಂದ ಕೂಲಿಕಾರನ ಮೇಲೆ. ಪಾಳಿ ಮುಗಿಸಿ ಬಂದವರ ಮೈ ತಡಕುತ್ತಿದ್ದರು. ಅವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ದಲಿತರು. ಎಲ್ಲ ಕಾರ್ಮಿಕರ ಬೆರಳಚ್ಚು ದಾಖಲಿಸುತ್ತೇವೆ ಎಂದು ಹೊರಟಾಗ, 1930ರಲ್ಲಿ ಅವರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ನಮ್ಮ ಬೆರಳನ್ನೇ ಯಾಕೆ ನೋಡುತ್ತೀರಿ ಎಂಬ ಪ್ರಶ್ನೆ ಅದರಲ್ಲಿತ್ತು. ಗುಲಗಂಜಿ ತೂಕದ ಚಿನ್ನಕ್ಕೆ ಮೈ ತಡಕುವವರು ಗಟ್ಟಿ ಗಟ್ಟಿಯಾಗಿ ಹೋಗುವ ಚಿನ್ನಕ್ಕೆ ಸಲಾಂ ಹೊಡೆಯುತ್ತಿದ್ದರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಹೋಯಿತು, ಸೈನೈಡ್ ದಿಬ್ಬಗಳು ಉಳಿದವು. ಗಾಳಿ ಎದ್ದರೆ ಆ ಪುಡಿ ಇವತ್ತಿಗೂ ಅಲ್ಲಿನ ಮನೆಗಳ ಒಳಗೆ ಬಂದು ಕೂರುತ್ತದೆ. ಊರ ಮಡಕೆ ಎಂದು ನಾನು ಕರೆಯುವುದು ಇದನ್ನೇ. ಲಾಭ ಒಬ್ಬರದು, ಬಿಲ್ಲು ಇನ್ನೊಬ್ಬರದು, ಅದೂ ನೂರು ವರ್ಷ ಬಿಟ್ಟು.

ಆದ್ದರಿಂದ ನಿಯಮ ತಿದ್ದಿದೆವು. ಬೀಜ ಸ್ಥಾನಕ್ಕೆ ತಕ್ಕಷ್ಟು. ನೀರುಗಂಟಿ ಕೆಟ್ಟರೆ ಊರ ಮಡಕೆಗೆ ಒಂದು, ಸುಂಕದವನು ಕೆಟ್ಟರೆ ಎರಡು, ದೊರೆ ಕೆಟ್ಟರೆ ಮೂರು. ದೊರೆ ಎರಡು ಸಲ ಕೆಟ್ಟರೆ ಸಾಕು, ಊರು ಒಡೆಯುವುದು ಖಚಿತ. ಕೆಳಗಿನವನ ತಪ್ಪು ತಪ್ಪಲ್ಲ ಎಂದು ನಾನು ಹೇಳುತ್ತಿಲ್ಲ. ನೀರುಗಂಟಿ ತೂಬು ತೆಗೆದಿದ್ದು ನಿಜ, ಗದ್ದೆ ಒಣಗಿದ್ದೂ ನಿಜ. ಆದರೆ ಸಣ್ಣವನ ಮಡಕೆಯನ್ನು ಮಾತ್ರ ತೆರೆದು ನೋಡುವ ಆಟ ನ್ಯಾಯದ ಆಟವಲ್ಲ.

ನೆಟ್ಟಗಿರುವವನಿಗೆ ಏನು ಸಿಗುತ್ತದೆ?

"ಅಣ್ಣ, ಈ ನಿಯಮದಲ್ಲಿ ನಿಯತ್ತಾಗಿ ಆಡಿದವನು ಸೋಲ್ತಾನೇ ಇರ್ತಾನಲ್ಲ?" ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ನಿಯತ್ತಿಗೆ ಸೋಲೇ ಗತಿ ಎಂದು ಕಲಿಸಿದರೆ, ಹೆಚ್ಚು ಬೀಜ ನುಂಗುವುದು ಹೇಗೆ ಎಂದು ಕಲಿಸಿದಂತೆ. ಹಾಗೆಂದು ಪುಣ್ಯ ಮಾಡಿದವನ ಮೇಲೆ ಹೂಮಳೆ ಸುರಿಸುವುದೂ ಸುಳ್ಳು.

ನಾವು ಕಂಡುಕೊಂಡ ದಾರಿ ಇದು. ಒಬ್ಬನೇ ನೆಟ್ಟಗೆ ಮಾಡಲು ಹೋದರೆ 4 ಬೀಳಬೇಕು. ಆದರೆ ನಾಲ್ಕು ಜನರ ಎದುರು ನೆಟ್ಟಗೆ ನಡೆದುಕೊಂಡರೆ, ಸೋತರೂ ಸರಿ, ಒಬ್ಬ ಜೊತೆಗಾರ ಸಿಗುತ್ತಾನೆ. ಮುಂದಿನ ಸಲ ಇಬ್ಬರೂ ಸೇರಿ ಹೋದರೆ 3 ಬಿದ್ದರೆ ಸಾಕು. ಮೂವರಾದರೆ 2 ಸಾಕು. ಅರ್ಧ ಸೋಲುತ್ತಿದ್ದವರು ಆರರಲ್ಲಿ ಐದು ಸಲ ಗೆಲ್ಲುತ್ತಾರೆ. ಆರಕ್ಕೆ ಆರು ಎಂದಿಗೂ ಆಗುವುದಿಲ್ಲ. ಅಡ್ಡದಾರಿ ಯಾವತ್ತೂ ಸ್ವಲ್ಪ ಸುಲಭವಾಗಿಯೇ ಇರುತ್ತದೆ. ನಿಜ ಜೀವನದಲ್ಲೂ ಒಬ್ಬ ಅರ್ಜಿದಾರ ಹೋದರೆ "ನಾಳೆ ಬಾ", ಹತ್ತು ಜನ ಹೋದರೆ ಕುರ್ಚಿ ಹಾಕಿಸುತ್ತಾರೆ.

ಹಿಂದಕ್ಕೆ ಬರುವ ದಾರಿಯೂ ಬೇಕು. ದಾರಿಯೇ ಇಲ್ಲದಿದ್ದರೆ ಒಂದು ಬೀಜ ಬಿದ್ದವನು "ಹೇಗೂ ಕೆಟ್ಟೆ" ಎಂದು ಹತ್ತು ನುಂಗುತ್ತಾನೆ. ನಮ್ಮ ಆಟದಲ್ಲಿ ಬೀಜ ತೆಗೆಯಬೇಕಾದರೆ ಮೂರು ಕೆಲಸ ಮಾಡಬೇಕು: ಊರ ಮುಂದೆ ಬಾಯಿಬಿಟ್ಟು ಹೇಳಬೇಕು, ಪಡೆದದ್ದನ್ನು ಹಿಂದಿರುಗಿಸಬೇಕು, ಭೂತದ ಸಿಟ್ಟನ್ನು ಒಂದು ಸರದಿ ಅನುಭವಿಸಬೇಕು. ಇಷ್ಟು ಮಾಡಿದರೂ ಒಣಗಿದ ಗದ್ದೆ ಹಸಿರಾಗುವುದಿಲ್ಲ.

ನಮ್ಮ ಕಾನೂನಿನಲ್ಲೂ ಇಂಥ ಒಂದು ಬಾಗಿಲಿದೆ. ತುಂಬಾ ಜನರಿಗೆ ಗೊತ್ತಿಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆಯಿತು. ಆಗಿನಿಂದ ಲಂಚ ಕೊಡುವುದು ಕೂಡ ನೇರವಾಗಿ ಶಿಕ್ಷೆಯಾಗುವ ಅಪರಾಧ. ಆದರೆ ಬಲವಂತಕ್ಕೆ ಸಿಕ್ಕಿ ಕೊಟ್ಟವರು 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರ ಮೇಲೆ ಆ ಅಪರಾಧ ಬರುವುದಿಲ್ಲ. ಕೊಡುವ ಮೊದಲೇ ದೂರು ಕೊಟ್ಟು, ಅವರು ಹೇಳಿದಂತೆ ನಡೆದುಕೊಂಡರೂ ರಕ್ಷಣೆ ಇದೆ. ನಮ್ಮ ರಾಜ್ಯದಲ್ಲಿ ಇಂಥ ದೂರಿಗೆ ಲೋಕಾಯುಕ್ತ ಇದೆ. ಇದನ್ನು ಓದುವಾಗ ಹುಡುಗರು ಇನ್ನೊಂದು ನಿಯಮ ಸೇರಿಸಿದರು: ಭೂತ ಹೆದರಿಸಿ ತೆಗೆಸಿದ ಬೀಜವನ್ನು ಮುಂದಿನ ಸರದಿಯೊಳಗೆ ಹೇಳಿದರೆ ಹಿಂದಕ್ಕೆ ತೆಗೆಯಬಹುದು. ಆ ಸರದಿ ದಾಟಿದರೆ ಇಲ್ಲ. ಕಾಯ್ದೆಯ 7 ದಿನ ಈಗ ಆರು ಜನರಿಗೂ ಬಾಯಿಪಾಠ.

ಮಕ್ಕಳಿಗೆ ಲಂಚ ಕಲಿಸುತ್ತೀರಾ?

ಈ ಆಟದ ವಿಷಯ ಹೇಳಿದಾಗ ಊರಿನ ಹಿರಿಯರೊಬ್ಬರು ಬೇಸರ ಮಾಡಿಕೊಂಡರು. "ಇದ್ದಬದ್ದ ಕೆಟ್ಟದ್ದೆಲ್ಲ ಮಕ್ಕಳಿಗೆ ಆಡಿಸಿ ಕಲಿಸ್ತೀರೇನಪ್ಪ" ಎಂದರು. ಅವರ ಕಾಳಜಿ ಸುಳ್ಳಲ್ಲ.

ಆದರೆ ಮಕ್ಕಳು ಕಲಿಯದೇ ಉಳಿದಿಲ್ಲ. ಅಪ್ಪನ ಜೊತೆ ಕಚೇರಿಗೆ ಹೋದ ಹುಡುಗಿ ಕವರು ಕೈ ಬದಲಾಯಿಸಿದ್ದನ್ನು ನೋಡಿರುತ್ತಾಳೆ. ಚುನಾವಣೆಯ ಹಿಂದಿನ ರಾತ್ರಿ ಬಾಗಿಲು ತಟ್ಟಿದ್ದನ್ನು ಕೇಳಿರುತ್ತಾಳೆ. ಅವಳಿಗೆ ಗೊತ್ತಿಲ್ಲದಿರುವುದು ಲಂಚ ಎಂದರೇನು ಎಂಬುದಲ್ಲ, ಅದರ ಬಿಲ್ಲು ಎಲ್ಲಿಗೆ ಹೋಯಿತು ಎಂಬುದು. ದುರ್ಯೋಧನನ ಪಾತ್ರ ಮಾಡಿದವರು ಮಾರನೇ ದಿನ ದಾಯಾದಿಗಳ ಜಮೀನು ಕಿತ್ತುಕೊಳ್ಳಲು ಹೋಗುವುದಿಲ್ಲ. ಆ ಪಾತ್ರದ ಒಳಗೆ ಹೋಗಿ ಬಂದವರಿಗೆ ಹಟ ಎಂದರೇನು ಎಂದು ನೋಡುವವರಿಗಿಂತ ಹೆಚ್ಚು ತಿಳಿದಿರುತ್ತದೆ.

ಇನ್ನೊಂದು ಆಕ್ಷೇಪ ನನ್ನ ಜೊತೆಗಾರ ವರದಿಗಾರನದು. ಆಟದಿಂದ ಲಂಚ ನಿಲ್ಲುತ್ತದೆಯೇ ಎಂದು ನಕ್ಕ. ನಿಲ್ಲುವುದಿಲ್ಲ. ಕಾಯ್ದೆ, ಲೋಕಾಯುಕ್ತ, ಮಾಹಿತಿ ಹಕ್ಕು ಇವೆಲ್ಲ ಮಾಡಬೇಕಾದ ಕೆಲಸ ಹುಣಸೆ ಬೀಜದಿಂದ ಆಗುವುದಿಲ್ಲ. ಆದರೆ ನಾವು ಬರೆಯುವ ಸುದ್ದಿಯಲ್ಲಿ "ಇಂಥವನು ಇಷ್ಟು ಹಣ ತೆಗೆದುಕೊಳ್ಳುವಾಗ ಸಿಕ್ಕಿಬಿದ್ದ" ಎಂದಷ್ಟೇ ಇರುತ್ತದೆ. ಹಾವು ಕಚ್ಚಿತು, ಸುದ್ದಿ ಮುಗಿಯಿತು. ಅವನು ಸಿಕ್ಕಿಬೀಳುವ ಮೊದಲಿನ ವರ್ಷಗಳಲ್ಲಿ ಯಾರ ಗದ್ದೆ ಒಣಗಿತು ಎಂದು ನಾವು ಹುಡುಕಿಕೊಂಡು ಹೋಗುವುದು ಅಪರೂಪ. ಆಟ ಕಟ್ಟುವವರು ಕೇಳಿದ ಪ್ರಶ್ನೆ ಸುದ್ದಿ ಬರೆಯುವವರಿಗೂ ಬೇಕಾದದ್ದೇ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿ ಕೂತು ಎಷ್ಟೋ ಹಾಸು ಆಟಗಳನ್ನು ಕಟ್ಟಿದರು. ಕೆಲವು ಇವತ್ತಿಗೂ ಜಗನ್ಮೋಹನ ಅರಮನೆಯಲ್ಲಿವೆ. ಆಟ ಕಟ್ಟುವುದು ನಮ್ಮ ನಾಡಿಗೆ ಹೊಸದಲ್ಲ. ಇನ್ನು ಅದನ್ನು ಪಂಚಾಯಿತಿ ಅರಿವು ಕೇಂದ್ರದ ಜಗಲಿಯಲ್ಲಿ ಕೂತು ಕಟ್ಟಬಹುದು. ಖರ್ಚು ಒಂದು ದಾಳದ್ದು. ಹುಣಸೆ ಬೀಜ ನಮ್ಮ ಕಡೆ ಯಾರ ಮನೆಯಲ್ಲಿಲ್ಲ?

ಕಟ್ಟುವುದಾದರೆ ನಿಮ್ಮ ಊರಿನದೇ ಕಥೆ ಮಾಡಿ. ನಿಮ್ಮ ಕೆರೆ, ನಿಮ್ಮ ಡೇರಿ, ನಿಮ್ಮ ರೇಷನ್ ಅಂಗಡಿ ಇರಲಿ. ಭೂತಕ್ಕೆ ಕೊಂಬು ಬೇಡ, ಸವಿ ಮಾತು ಕೊಡಿ. ಪಾತ್ರಗಳನ್ನು ಹಂಚುವ ಮೊದಲು ಒಂದು ಕಾಗದದ ಮೇಲೆ ಅಚ್ಚುಕಟ್ಟಿನ ಕೊನೆಯ ಗದ್ದೆ ಯಾರದು ಎಂದು ಬರೆದುಕೊಳ್ಳಿ. ಆಮೇಲೆ ದಾಳ ಹಾಕಿ.